ಗರ್ಭಕೋಶ ತೆಗೆದರು ಎನ್ನುವ ಮಾತಿನ ಹಿಂದಿನ ಗಳಿಗೆಗಳು

"ಹೆರಿಗೆಗೆ ಅಂತ ಹೋದವಳು. ಮಗು ಚೆನ್ನಾಗಿದೆಯಂತೆ, ಆದರೆ ಗರ್ಭಕೋಶವನ್ನೇ ತೆಗೆದುಬಿಟ್ಟರಂತೆ." ಹೊಸನಗರದ ಕಡೆಯೋ ತೀರ್ಥಹಳ್ಳಿಯ ಕಡೆಯೋ ಒಂದು ಮನೆಯ ಜಗಲಿಯಿಂದ ಇನ್ನೊಂದು ಮನೆಯ ಜಗಲಿಗೆ ಈ ಸುದ್ದಿ ದಾಟುವಾಗ ಅದರ ಜೊತೆಗೆ ಒಂದು ಅನುಮಾನವೂ ದಾಟುತ್ತದೆ. ಏನೋ ತಪ್ಪು ಮಾಡಿದ್ದಾರೆ, ಇಲ್ಲದಿದ್ದರೆ ಇಪ್ಪತ್ತೈದರ ಹುಡುಗಿಗೆ ಹೀಗೇಕೆ ಮಾಡುತ್ತಿದ್ದರು ಎಂದು. ಅನುಮಾನಕ್ಕೆ ಕಾರಣವಿಲ್ಲದೆ ಇಲ್ಲ. ನಮ್ಮ ರಾಜ್ಯದಲ್ಲೇ ಬಿಳಿಮುಟ್ಟು, ಹೊಟ್ಟೆನೋವು ಎಂದು ಬಂದ ಬಡ ಹೆಂಗಸರ ಗರ್ಭಕೋಶವನ್ನು ಬೇಡದೆಯೂ ತೆಗೆದ ಪ್ರಕರಣಗಳು ಬೆಳಕಿಗೆ ಬಂದಿವೆ. ಆದರೆ ಹೆರಿಗೆಯ ಹೊತ್ತಿನಲ್ಲಿ ರಕ್ತ ನಿಲ್ಲದೆ ಮಾಡುವ ಶಸ್ತ್ರಚಿಕಿತ್ಸೆಗೂ ಅದಕ್ಕೂ ಹೆಸರೊಂದೇ ಸಮ. ಒಂದು ಬೇಡದ್ದು, ಇನ್ನೊಂದು ಜೀವ ಉಳಿಸುವುದು. ಈ ಎರಡನೆಯದರಲ್ಲಿ ಕೇಳಬೇಕಾದ ಪ್ರಶ್ನೆ "ಯಾಕೆ ತೆಗೆದರು" ಎಂಬುದಕ್ಕಿಂತ "ತಡ ಮಾಡದೆ ತೆಗೆದರೇ" ಎಂಬುದು. ಮಲೆನಾಡಿನಲ್ಲಂತೂ ಆ ತಡದ ಲೆಕ್ಕಕ್ಕೆ ರಸ್ತೆಯನ್ನೂ ಮಳೆಯನ್ನೂ ಸೇರಿಸಲೇಬೇಕು.

ತಿಂಗಳು ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ 500ರಿಂದ 700 ಮಿ.ಲೀ. ರಕ್ತ ಹರಿಯುತ್ತದೆ. ಮಗು ಹುಟ್ಟಿ, ಹಳ್ಳಿಯಲ್ಲಿ ಕಸ ಎನ್ನುವ ಮಾಸು ಕಳಚಿಕೊಂಡಾಗ ಅದು ಅಂಟಿದ್ದ ಜಾಗದಲ್ಲಿ, ಒಂದು ಊಟದ ತಟ್ಟೆಯಷ್ಟು ಅಗಲದಲ್ಲಿ, ರಕ್ತನಾಳಗಳು ಬಾಯಿ ತೆರೆದುಕೊಂಡಿರುತ್ತವೆ. ಕೈ ಕೊಯ್ದಾಗ ಆಗುವ ಹಾಗೆ ರಕ್ತ ಹೆಪ್ಪುಗಟ್ಟಿಯೇ ಅವು ಮುಚ್ಚಬೇಕೆಂದರೆ ಅಷ್ಟು ಸಮಯ ಇರುವುದಿಲ್ಲ. ಅವುಗಳನ್ನು ಮೊದಲು ಮುಚ್ಚುವುದು ಗರ್ಭಕೋಶದ ಸ್ನಾಯು. ಅಡ್ಡಡ್ಡ ಹೆಣೆದ ಎಳೆಗಳ ನಡುವೆ ಈ ನಾಳಗಳು ಹಾದುಹೋಗುತ್ತವೆ; ಸ್ನಾಯು ಬಿಗಿದರೆ ಪ್ರತಿ ನಾಳಕ್ಕೂ ಜೀರುಗುಣಿಕೆ ಹಾಕಿ ಎಳೆದಂತೆ. ಹೆರಿಗೆಯಾದ ಮೇಲೆ ಹೊಕ್ಕುಳದ ಕೆಳಗೆ ಕೈಯಿಟ್ಟರೆ ಗರ್ಭಕೋಶ ಗಟ್ಟಿ ತೆಂಗಿನಕಾಯಿಯಂತೆ ಸಿಗಬೇಕು. ನಾದಿದ ಹಿಟ್ಟಿನಂತೆ ಮೆತ್ತಗೆ ಸಿಕ್ಕರೆ ಕುಣಿಕೆ ಸಡಿಲಾಗಿದೆ ಎಂದೇ ಅರ್ಥ. ಹೆರಿಗೆಯ ನಂತರದ ಅತಿ ರಕ್ತಸ್ರಾವದಲ್ಲಿ ಹತ್ತಕ್ಕೆ ಸುಮಾರು ಏಳು ಈ ಸಡಿಲಿನಿಂದಲೇ ಆಗುವಂಥವು. ಉಳಿದವು ಗರ್ಭಕೋಶದ ಬಾಯಿ, ಯೋನಿ ಅಥವಾ ಗರ್ಭಕೋಶವೇ ಹರಿದದ್ದು, ಮಾಸಿನ ತುಂಡು ಒಳಗೇ ಉಳಿದದ್ದು, ಅಪರೂಪಕ್ಕೆ ರಕ್ತವೇ ಹೆಪ್ಪುಗಟ್ಟುವ ಗುಣ ಕಳೆದುಕೊಂಡದ್ದು. ಅವಳಿ ಮಕ್ಕಳು, ದೊಡ್ಡ ಮಗು, ಬಹಳ ಹೊತ್ತು ಎಳೆದ ನೋವು, ನಾಲ್ಕೈದನೆಯ ಹೆರಿಗೆ, ಇವೆಲ್ಲ ಸ್ನಾಯುವನ್ನು ದಣಿಸುತ್ತವೆ. ಆದರೆ ಇದಾವುದೂ ಇಲ್ಲದ ಚೊಚ್ಚಲ ಬಾಣಂತಿಗೂ ರಕ್ತ ನಿಲ್ಲದೆ ಹೋಗಬಹುದು. ಹಾಗಾಗಿ ಯಾರಿಗೆ ಆಗುತ್ತದೆ ಎಂದು ಮೊದಲೇ ಆರಿಸಿ ಕಾಯಲು ಬರುವುದಿಲ್ಲ. ಎಲ್ಲ ಹೆರಿಗೆಗೂ ತಯಾರಿರಬೇಕು.

ಮೊದಲ ತಪ್ಪು ಕಣ್ಣಂದಾಜಿನಲ್ಲಿ ಆಗುತ್ತದೆ. 500 ಮಿ.ಲೀ. ದಾಟಿದರೆ ಅತಿ ರಕ್ತಸ್ರಾವ, 1000 ದಾಟಿದರೆ ತೀವ್ರ ಎಂಬ ಅಳತೆ ಎಲ್ಲರಿಗೂ ಬಾಯಿಪಾಠ. ಆದರೆ ಅಳೆಯುವವರು ಕಡಿಮೆ. ರಕ್ತ ಬಟ್ಟೆಗೆ ಹೀರಿಕೊಳ್ಳುತ್ತದೆ, ಬಕೆಟ್ಟಿಗೆ ಬೀಳುತ್ತದೆ, ನೆಲದ ಮೇಲೆ ನೀರಿನ ಜೊತೆ ಕಲೆಯುತ್ತದೆ. ಹೆಚ್ಚು ಹೋದಷ್ಟೂ ಕಣ್ಣಿನ ಅಂದಾಜು ಹೆಚ್ಚು ತಪ್ಪುತ್ತದೆ, ಅದೂ ಕಡಿಮೆಯ ಕಡೆಗೇ. ಸೊಂಟದ ಕೆಳಗೆ ಹಾಸಿ ತುದಿಯನ್ನು ಇಳಿಬಿಡುವ, ಗೆರೆ ಹಾಕಿದ ಪ್ಲಾಸ್ಟಿಕ್ ಚೀಲ ಇದ್ದರೆ ಸಾಕು, ವಾದಕ್ಕೆ ಜಾಗವೇ ಇಲ್ಲ. ಅದಿಲ್ಲದಿದ್ದರೆ ತಕ್ಕಡಿ ಸಾಕು: ಒದ್ದೆ ಬಟ್ಟೆಯ ತೂಕದಿಂದ ಒಣ ಬಟ್ಟೆಯ ತೂಕ ಕಳೆದರೆ ಒಂದು ಗ್ರಾಮಿಗೆ ಹೆಚ್ಚುಕಡಿಮೆ ಒಂದು ಮಿ.ಲೀ. ರಕ್ತ. 2023ರಲ್ಲಿ ಪ್ರಕಟವಾದ ಇ-ಮೋಟಿವ್ ಎಂಬ ಅಧ್ಯಯನ ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ ಎಂಬತ್ತು ಆಸ್ಪತ್ರೆಗಳಲ್ಲಿ ನಡೆಯಿತು. ಅಲ್ಲಿ ಹೊಸ ಔಷಧ ಯಾವುದೂ ಇರಲಿಲ್ಲ. ಗೆರೆ ಹಾಕಿದ ಚೀಲದಲ್ಲಿ ರಕ್ತ ಅಳೆದರು. ಒಂದಾದ ಮೇಲೊಂದು ಮಾಡಿ ನೋಡುತ್ತಿದ್ದ ಚಿಕಿತ್ಸೆಗಳನ್ನು ಒಟ್ಟಿಗೇ ಕೊಟ್ಟರು. ಅಷ್ಟಕ್ಕೇ ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವುದು ಮತ್ತು ಅದರಿಂದಾಗುವ ಸಾವು ಇವು ಒಟ್ಟಾರೆ ಶೇ. 60ರಷ್ಟು ಇಳಿದವು.

ಎರಡನೆಯ ತಪ್ಪು ಬಿಪಿಯನ್ನು ನಂಬಿ ಕೂರುವುದು. ಹರೆಯದ ಹೆಣ್ಣಿನ ದೇಹ ಒಂದು ಲೀಟರ್ ರಕ್ತ ಹೋದರೂ ಬಿಪಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಆಮೇಲೆ ಒಮ್ಮೆಲೇ ಕೈಬಿಡುತ್ತದೆ. ಅದಕ್ಕೂ ಮೊದಲು ಮಾತಾಡುವುದು ನಾಡಿ. ನಾಡಿಯ ಎಣಿಕೆಯನ್ನು ಬಿಪಿಯ ಮೇಲಿನ ಸಂಖ್ಯೆಯಿಂದ ಭಾಗಿಸಿ, 0.9 ದಾಟಿದರೆ ಎಚ್ಚರ. ಭಾಗಾಕಾರಕ್ಕೆ ಹೊತ್ತಿಲ್ಲದಿದ್ದರೆ ಇಷ್ಟು ನೆನಪಿಟ್ಟರೆ ಸಾಕು: ನಾಡಿ ಬಿಪಿಯನ್ನು ಹಿಂದೆ ಹಾಕಿದರೆ ಆಕೆ ಅಪಾಯದಲ್ಲಿದ್ದಾಳೆ, ಎದ್ದು ಕೂತು ಮಾತಾಡುತ್ತಿದ್ದರೂ ಸರಿಯೇ. ಇನ್ನು ನಮ್ಮ ಕಡೆಯ ಬಾಣಂತಿಯ ತೂಕ 45 ಕೆ.ಜಿ., ಹಿಮೋಗ್ಲೋಬಿನ್ 8 ಇದ್ದರೆ 500 ಮಿ.ಲೀ. ಎಂಬ ಗೆರೆಗಾಗಿ ಕಾಯುವುದೂ ತಪ್ಪೇ. ಆಕೆಯ ಮೈಯಲ್ಲಿ ಇರುವುದೇ ಸುಮಾರು 4.5 ಲೀಟರ್ ರಕ್ತ, ಅದೂ ತೆಳುವಾದದ್ದು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬ ಸ್ಟಾಫ್ ನರ್ಸ್, ಒಬ್ಬ ಆಯಾ ಇರುವಾಗಲೂ ಮಾಡಬಹುದಾದ ಕೆಲಸ ಬಹಳವಿದೆ. ಮಗು ಹುಟ್ಟಿದ ಒಂದು ನಿಮಿಷದೊಳಗೆ ಗರ್ಭಕೋಶ ಬಿಗಿಸುವ ಆಕ್ಸಿಟೋಸಿನ್ 10 ಯೂನಿಟ್ ತೊಡೆಗೆ, ಇದು ಎಲ್ಲರಿಗೂ, ತಡೆಗಾಗಿ. ಆಮೇಲೂ ರಕ್ತ ಹರಿಯುತ್ತಿದ್ದರೆ ಕೂಗಿ ಜನ ಕರೆಯಬೇಕು. ಒಬ್ಬರ ಕೈ ಹೊಟ್ಟೆಯ ಮೇಲೆ ಗರ್ಭಕೋಶ ತಿಕ್ಕುತ್ತಿರಬೇಕು. ಮೂತ್ರದ ಚೀಲ ತುಂಬಿದ್ದರೆ ಗರ್ಭಕೋಶ ಬಿಗಿಯುವುದಿಲ್ಲ, ಆದ್ದರಿಂದ ಕ್ಯಾಥೆಟರ್ ಹಾಕಿ ಖಾಲಿ ಮಾಡಬೇಕು. ಎರಡೂ ಕೈಗೆ ದಪ್ಪ ಸೂಜಿ, ಬೂದು ಬಣ್ಣದ 16ನೇ ನಂಬರಿನ ಕ್ಯಾನುಲಾ. ಗುಲಾಬಿ ಬಣ್ಣದ ಸಣ್ಣದರಲ್ಲಿ ಡ್ರಿಪ್ ಬೇಕಾದ ವೇಗಕ್ಕೆ ಓಡುವುದಿಲ್ಲ. ಒಂದು ಲೀಟರ್ ಡ್ರಿಪ್ಪಿಗೆ 20ರಿಂದ 40 ಯೂನಿಟ್ ಆಕ್ಸಿಟೋಸಿನ್ ಬೆರೆಸಿ ಬಿಡಬೇಕೇ ಹೊರತು ರಕ್ತನಾಳಕ್ಕೆ ನೇರ ಒತ್ತಿ ಚುಚ್ಚಬಾರದು, ಬಿಪಿ ಥಟ್ಟನೆ ಬೀಳುತ್ತದೆ. ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ, ಹತ್ತು ನಿಮಿಷದಲ್ಲಿ ನಿಧಾನಕ್ಕೆ. ಇದರ ಫಲ ಹೆರಿಗೆಯಾದ ಮೂರು ಗಂಟೆಯೊಳಗೆ ಮಾತ್ರ. 2017ರ ವುಮನ್ ಅಧ್ಯಯನದಲ್ಲಿ ಇಪ್ಪತ್ತು ಸಾವಿರ ಹೆಂಗಸರ ಲೆಕ್ಕದಿಂದ ತಿಳಿದದ್ದು ಇದು. ತಡವಾದ ಪ್ರತಿ ಹದಿನೈದು ನಿಮಿಷಕ್ಕೆ ಫಲದಲ್ಲಿ ಹತ್ತನೇ ಒಂದು ಪಾಲು ಸೋರುತ್ತದೆ. ಗರ್ಭಕೋಶ ಬಿಗಿಸುವ ಮಿಸೊಪ್ರೊಸ್ಟಾಲ್ ನಾಲಿಗೆಯಡಿಗೆ 800 ಮೈಕ್ರೋಗ್ರಾಂ, ಅಂದರೆ 200ರ ನಾಲ್ಕು ಮಾತ್ರೆ. ಗರ್ಭಕೋಶ ಬಿಗಿಸುವ ಚುಚ್ಚುಮದ್ದು ಇನ್ನೆರಡಿವೆ. ಬಿಪಿ ಹೆಚ್ಚಿದ್ದವರಿಗೆ ಮೆಥರ್ಜಿನ್ ಕೂಡದು. ಉಬ್ಬಸ ಇದ್ದವರಿಗೆ ಕಾರ್ಬೊಪ್ರೋಸ್ಟ್ ಕೂಡದು. ಉಬ್ಬಸ ಇದೆಯೇ ಎಂದು ಕೇಳಲು ಎರಡು ಕ್ಷಣ ಸಾಕು, ಕೇಳದೆ ಚುಚ್ಚಿದರೆ ಉಸಿರಿಗೇ ಸಂಚಕಾರ.

ಆಕ್ಸಿಟೋಸಿನ್ ಬಗ್ಗೆ ಇಲ್ಲಿ ಒಂದು ಮಾತು ಹೆಚ್ಚೇ ಆಡಬೇಕು. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದ ಕಡೆ, ಬೇಸಿಗೆಯಲ್ಲಿ ಫ್ರಿಜ್ಜಿನಿಂದ ತೆಗೆದು ಟ್ರೇಯಲ್ಲೇ ಬಿಟ್ಟ ಕಡೆ, ಮದ್ದಿನ ಶಕ್ತಿ ಕುಂದುತ್ತದೆ. ಬಣ್ಣ ಬದಲಾಗುವುದಿಲ್ಲ, ವಾಸನೆ ಬರುವುದಿಲ್ಲ, ಅದೇ ತಿಳಿನೀರು. ಕೊಟ್ಟಿದ್ದೇವೆ ಎಂದು ಬರೆದುಕೊಳ್ಳುತ್ತೇವೆ, ಗರ್ಭಕೋಶಕ್ಕೆ ಮಾತ್ರ ಏನೂ ತಲುಪಿರುವುದಿಲ್ಲ. ಅದೇ ಕೆಲಸ ಮಾಡುವ, ಶಾಖ ತಡೆಯುವ ಕಾರ್ಬಿಟೋಸಿನ್ 100 ಮೈಕ್ರೋಗ್ರಾಂ ಈಗ ಇದೆ. ಘಟ್ಟದ ಮೇಲಿನ ಹೆರಿಗೆ ಕೋಣೆಗಳಿಗೆ ತಡೆಯ ಮದ್ದಾಗಿ ಅದು ಮೊದಲು ಸಿಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಜೇನಿನ ಮೇಣದಂತೆ ಕರಗುವ ಮದ್ದನ್ನು ಕರೆಂಟ್ ಇಲ್ಲದ ಊರಿಗೆ ಕೊಟ್ಟು ಕೈ ತೊಳೆದುಕೊಳ್ಳುವುದು ಸರಿಯಲ್ಲ.

ಮದ್ದಿಗೆ ಬಗ್ಗದಿದ್ದರೆ ಕೈಯೇ ಮದ್ದು. ಒಂದು ಕೈಯ ಮುಷ್ಟಿ ಯೋನಿಯೊಳಗೆ ಗರ್ಭಕೋಶದ ಮುಂಭಾಗಕ್ಕೆ, ಇನ್ನೊಂದು ಕೈ ಹೊಟ್ಟೆಯ ಮೇಲಿಂದ ಹಿಂಭಾಗಕ್ಕೆ, ನಡುವೆ ಗರ್ಭಕೋಶವನ್ನು ಹಿಂಡಿ ಹಿಡಿಯುವುದು. ಐದು ನಿಮಿಷಕ್ಕೇ ತೋಳು ಸೋಲುತ್ತದೆ, ಕೈ ಬದಲಿಸುವವರು ಪಕ್ಕದಲ್ಲಿರಬೇಕು. ಇನ್ನೊಂದು ದಾರಿಯನ್ನು 2003ರಲ್ಲಿ ಬಾಂಗ್ಲಾದೇಶದ ವೈದ್ಯೆ ಸಾಯೆಬಾ ಅಖ್ತರ್ ಬರೆದು ತೋರಿಸಿದರು. ರಬ್ಬರ್ ಕ್ಯಾಥೆಟರಿನ ತುದಿಗೆ ಕಾಂಡೋಮ್ ತೊಡಿಸಿ, ಬುಡದಲ್ಲಿ ದಾರದಿಂದ ಎರಡು ಸುತ್ತು ಬಿಗಿದು, ಗರ್ಭಕೋಶದೊಳಗೆ ಸೇರಿಸಿ, ಇನ್ನೊಂದು ತುದಿಯಿಂದ ಡ್ರಿಪ್ ಸೆಟ್ ಮೂಲಕ ಸಲೈನ್ ತುಂಬಿಸುವುದು. ಸಾಮಾನ್ಯವಾಗಿ 250ರಿಂದ 500 ಮಿ.ಲೀ. ಹೊತ್ತಿಗೆ ರಕ್ತ ನಿಲ್ಲುತ್ತದೆ. ನಿಂತ ಮೇಲೆ ಕ್ಯಾಥೆಟರ್ ಮಡಚಿ ಕಟ್ಟಬೇಕು. ದಾರ ತೀರಾ ಬಿಗಿಯಾದರೆ ನೀರೇ ಒಳಗೆ ಹೋಗದು, ಸಡಿಲಾದರೆ ಹಾಸಿಗೆಗೆ ಸೋರುತ್ತದೆ. ಯೋನಿಯಲ್ಲಿ ಬಟ್ಟೆ ಒತ್ತಿ ಹಿಡಿಯದಿದ್ದರೆ ಬಲೂನು ಜಾರಿ ಹೊರಬರುತ್ತದೆ. ಇಡೀ ಸಾಮಾನು ನೂರಿನ್ನೂರು ರೂಪಾಯಿಯೊಳಗೆ ಸಿಗುವಂಥದ್ದು, ಆದರೆ ಬೇಕಾದ ಹೊತ್ತಿನಲ್ಲಿ ಹುಡುಕಲು ಹೋದರೆ ಹತ್ತು ನಿಮಿಷ ಕಳೆಯುತ್ತದೆ. ಒಂದು ಡಬ್ಬಿಯಲ್ಲಿ ಕಟ್ಟಿಟ್ಟು ಗೋಡೆಗೆ ತೂಗುಹಾಕಿರಬೇಕು. ಹರಿದ ಗರ್ಭಕೋಶಕ್ಕಾಗಲಿ, ಒಳಗೆ ಮಾಸಿನ ತುಂಡು ಉಳಿದಿರುವಾಗಲಿ ಬಲೂನು ಕೆಲಸ ಮಾಡುವುದಿಲ್ಲ ಎಂಬುದನ್ನೂ ಮರೆಯಬಾರದು.

ಈಗ ರಸ್ತೆಯ ಲೆಕ್ಕ. ನಿಮಿಷಕ್ಕೆ 30 ಮಿ.ಲೀ. ಎಂದರೆ ಟಾನಿಕ್ ಬಾಟಲಿಯ ಮೂರು ಮುಚ್ಚಳದಷ್ಟು. ನೋಡಲು ಧಾರೆಯೇನಲ್ಲ, ಸಣ್ಣಗೆ ಇಳಿಯುತ್ತಿರುತ್ತದೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿ.ಮೀ.ಗೂ ಹೆಚ್ಚು, ಸಾಗರದಿಂದ 70ರ ಆಸುಪಾಸು. ಹಳ್ಳಿಯಿಂದ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ ಸೇರಿ ಒಂದೂವರೆ ಗಂಟೆ ಎಂದುಕೊಂಡರೂ ಆ ಮೂರು ಮುಚ್ಚಳ 2.7 ಲೀಟರ್ ಆಗಿರುತ್ತದೆ. ಮೈಯ ರಕ್ತದಲ್ಲಿ ಅರ್ಧಕ್ಕಿಂತ ಹೆಚ್ಚು. ಜುಲೈ ತಿಂಗಳಲ್ಲಿ ಧರೆ ಕುಸಿದು, ಮರ ಬಿದ್ದು, ಆಗುಂಬೆಯಲ್ಲೋ ಹುಲಿಕಲ್ಲಿನಲ್ಲೋ ಮಂಜು ಕವಿದರೆ ಒಂದೂವರೆ ಗಂಟೆ ಎಂಬುದು ಬರೀ ಆಸೆ. ಶರಾವತಿ ಹಿನ್ನೀರಿನ ಆಚೆ ತುಮರಿ, ಕರೂರು, ಬಾರಂಗಿಯ ಜನ ದಶಕಗಳ ಕಾಲ ಲಾಂಚನ್ನೇ ನೆಚ್ಚಿಕೊಂಡಿದ್ದವರು. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆದದ್ದು ಅಲ್ಲಿನ ಬಸುರಿಯರ ಪಾಲಿಗೆ ಒಂದು ಔಷಧಕ್ಕಿಂತ ಕಡಿಮೆಯದಲ್ಲ.

ಹೀಗಾಗಿ ಬಯಲುಸೀಮೆಯ ನಗರದಲ್ಲಿ ಸರಿಯಾದ "ಇನ್ನೊಂದು ಸ್ವಲ್ಪ ನೋಡೋಣ" ಎಂಬುದು ಇಲ್ಲಿ ಸರಿಯಲ್ಲ. ಎರಡನೆಯ ಮದ್ದು ಕೈಗೆತ್ತಿಕೊಂಡಾಗಲೇ 108ಕ್ಕೆ ಕರೆ ಹೋಗಿರಬೇಕು. ರಕ್ತವನ್ನು ಬಲೂನಿನಿಂದಲೋ ಕೈಯಿಂದಲೋ ತಡೆಯದೆ ಗಾಡಿ ಹತ್ತಿಸಬಾರದು. ಎಲ್ಲಕ್ಕಿಂತ ಹೆಚ್ಚು ಹೊತ್ತು ಕಳೆಯುವುದು ರಸ್ತೆಯಲ್ಲೂ ಅಲ್ಲ, ತಪ್ಪು ಬಾಗಿಲಲ್ಲಿ: ಒಂದು ಆಸ್ಪತ್ರೆಗೆ ಹೋದರೆ ಅರಿವಳಿಕೆ ವೈದ್ಯರಿಲ್ಲ, ಇನ್ನೊಂದರಲ್ಲಿ ರಕ್ತವಿಲ್ಲ, ಮೂರನೆಯದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಮಣಿಪಾಲಕ್ಕೋ ಹೋಗಿ ಎನ್ನುತ್ತದೆ. ಹೊರಡುವ ಮೊದಲೇ ಫೋನ್ ಮಾಡಿ ರಕ್ತದ ಗುಂಪು, ಎಷ್ಟು ಮಿ.ಲೀ. ಹೋಗಿದೆ, ನಾಡಿ ಎಷ್ಟು, ಏನೇನು ಕೊಟ್ಟಾಗಿದೆ ಹೇಳಿದರೆ ಗಾಡಿ ಬರುವಷ್ಟರಲ್ಲಿ ಥಿಯೇಟರ್ ಸಿದ್ಧವಾಗಿರುತ್ತದೆ. ಶೈತ್ಯದಲ್ಲಿ ಗಟ್ಟಿಯಾದ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಕರಗಿಸಲಿಕ್ಕೇ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಆಕೆ ದಾರಿಯಲ್ಲಿರುವಾಗಲೇ ಕಳೆದುಹೋಗಲಿ. ಘಟ್ಟದ ನಡುವೆ ನೆಟ್‌ವರ್ಕ್ ಸಿಗುವುದಿಲ್ಲ, ಆದ್ದರಿಂದ ಈ ಕರೆ ಹೊರಡುವ ಮುನ್ನವೇ ಆಗಬೇಕು.

ಥಿಯೇಟರಿನಲ್ಲಿ ಹೊಟ್ಟೆ ತೆರೆದ ಮೇಲೂ ಗರ್ಭಕೋಶ ಉಳಿಸುವ ದಾರಿಗಳಿವೆ. ಎರಡೂ ಅಂಗೈಯಲ್ಲಿ ಅದನ್ನು ಹಿಂಡಿ ಹಿಡಿದು ನೋಡುತ್ತಾರೆ. ಹಿಂಡಿದಾಗ ರಕ್ತ ನಿಂತರೆ ಹೊಲಿಗೆಯಿಂದಲೂ ನಿಲ್ಲುವ ಸಂಭವವಿದೆ. ಪ್ಯಾಂಟಿನ ಭುಜಪಟ್ಟಿಯಂತೆ ಗರ್ಭಕೋಶದ ಮೇಲಿಂದ ಹಾಯಿಸಿ ಬಿಗಿಯುವ ಬಿ-ಲಿಂಚ್ ಹೊಲಿಗೆ 1997ರಿಂದ ಬಳಕೆಯಲ್ಲಿದೆ. ಎರಡೂ ಬದಿಯ ಗರ್ಭಕೋಶದ ಅಪಧಮನಿಗಳನ್ನು ಕಟ್ಟುವುದು ಇನ್ನೊಂದು. ಅದಕ್ಕೂ ಆಳದಲ್ಲಿರುವ ಒಳ ಇಲಿಯಾಕ್ ಅಪಧಮನಿ ಕಟ್ಟುವುದು ಕೈ ಪಳಗಿದವರ ಕೆಲಸ. ಪಳಗದವರು ಅಲ್ಲಿ ಪಕ್ಕದ ಅಭಿಧಮನಿ ಹರಿದು ಇದ್ದ ಕಷ್ಟವನ್ನು ಇಮ್ಮಡಿ ಮಾಡಿಕೊಳ್ಳಬಹುದು. ಇವಕ್ಕೆಲ್ಲ ಒಂದು ಮಿತಿ ಇದೆ, ಅದನ್ನು ಹೇಳುವುದು ರಕ್ತವೇ. ಮೈ ತಣ್ಣಗಾಗಿ, ರಕ್ತದಲ್ಲಿ ಆಮ್ಲ ಹೆಚ್ಚಿ, ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಖರ್ಚಾಗಿಹೋದರೆ ಹೊಲಿಗೆಯ ಸೂಜಿ ಚುಚ್ಚಿದ ತೂತಿನಿಂದಲೂ ರಕ್ತ ಜಿನುಗುತ್ತದೆ. ಲ್ಯಾಬ್ ವರದಿಗೆ ಕಾಯದೆ ಇದನ್ನು ತಿಳಿಯುವ ದಾರಿ ಮಲೆನಾಡಿನ ಆಸ್ಪತ್ರೆಗಳಿಗೆ ಹೊಸದಲ್ಲ. ಕೊಳಕುಮಂಡಲ ಕಚ್ಚಿದವರಿಗೆ ಮಾಡುವ ಗಾಜಿನ ಕೊಳವೆಯ ಪರೀಕ್ಷೆಯ ಬಗೆಯದ್ದೇ ಅದು: ಒಣ ಗಾಜಿನ ಕೊಳವೆಯಲ್ಲಿ 5 ಮಿ.ಲೀ. ರಕ್ತ ಬಿಟ್ಟು ಮೈಬಿಸಿಗೆ ಹಿಡಿದು ನೋಡಿ. ಹತ್ತು ನಿಮಿಷಕ್ಕೂ ಗಟ್ಟಿ ಹೆಪ್ಪು ಕಟ್ಟದಿದ್ದರೆ ರಕ್ತ ಗುಣಗೆಟ್ಟಿದೆ. ಪ್ಲಾಸ್ಟಿಕ್ ಕೊಳವೆಯಲ್ಲಿ ಮಾಡಿದರೆ ಉತ್ತರ ಸುಳ್ಳಾಗುತ್ತದೆ. ರಕ್ತ ಗುಣಗೆಟ್ಟಾಗ ಬರೀ ಕೆಂಪು ರಕ್ತಕಣದ ಚೀಲ ಏರಿಸಿದರೆ ಸಾಲದು. ಪ್ಲಾಸ್ಮಾ, ಪ್ಲೇಟ್‌ಲೆಟ್ ಸರಿಸಮ ಹೋಗಬೇಕು, ಜೊತೆಗೆ ಕ್ಯಾಲ್ಸಿಯಂ, ಮೈಗೆ ಬಿಸಿ ಹೊದಿಕೆ.

ಗರ್ಭಕೋಶ ತೆಗೆಯುವ ನಿರ್ಧಾರ ಈ ಹಂತ ಮುಟ್ಟುವ ಮೊದಲೇ ಆಗಬೇಕು. ಎರಡು ಲೀಟರ್ ಹೋದಾಗ ತೆಗೆದರೆ ಆಕೆ ವಾರದೊಳಗೆ ಮಗುವಿನೊಂದಿಗೆ ಮನೆಗೆ ಹೋಗಬಹುದು. ಅದೇ ಶಸ್ತ್ರಚಿಕಿತ್ಸೆಯನ್ನು ನಾಲ್ಕು ಲೀಟರ್ ಹೋದ ಮೇಲೆ ಮಾಡಿದರೆ ತೆಗೆದದ್ದೂ ಉಪಯೋಗಕ್ಕೆ ಬಾರದೆ ಹೋಗಬಹುದು. ತಡಮಾಡುವುದಕ್ಕೆ ವೈದ್ಯರ ಅಂಜಿಕೆಯೂ ಕಾರಣ. ಚಿಕ್ಕ ವಯಸ್ಸು, ಮೊದಲ ಮಗು, ಹೊರಗೆ ನಿಂತ ಇಪ್ಪತ್ತು ಜನ. ಇನ್ನೊಬ್ಬ ಹಿರಿಯ ವೈದ್ಯರನ್ನು ಕರೆಸಿ ಇಬ್ಬರೂ ಸೇರಿ ನಿರ್ಧರಿಸಬೇಕೆಂಬ ಪದ್ಧತಿ ಒಳ್ಳೆಯದೇ, ಆ ಎರಡನೆಯವರು ಬರುವುದು ಮುಕ್ಕಾಲು ಗಂಟೆ ಆಗುವುದಾದರೆ ಫೋನಿನಲ್ಲೇ ಮುಗಿಸಬೇಕು. ಸಹಿಯ ಮಾತೂ ಹಾಗೆಯೇ. ಬೇರೆ ಹೊತ್ತಿನಲ್ಲಿ ಆಕೆಯ ಒಪ್ಪಿಗೆಯಿಲ್ಲದೆ ಗರ್ಭಕೋಶ ಮುಟ್ಟುವಂತಿಲ್ಲ ಎಂದು 2008ರಲ್ಲೇ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಜೀವಕ್ಕೇ ಕುತ್ತು ಬಂದು, ಕಾಯಲು ಆಗದ ಹೊತ್ತಿಗೆ ಅದೇ ತೀರ್ಪು ವಿನಾಯಿತಿ ಕೊಟ್ಟಿದೆ. ಎಸ್ಟೇಟಿನಲ್ಲಿರುವ ಗಂಡ ಬಂದು ಸಹಿ ಹಾಕಲಿ ಎಂದು ಕಾಯುವುದು ಕಾನೂನು ಕೇಳುವ ಕೆಲಸವಲ್ಲ.

1876ರಲ್ಲಿ ಇಟಲಿಯ ಪಾವಿಯಾದಲ್ಲಿ ಎಡ್ವಾರ್ಡೋ ಪೋರೋ ಎಂಬ ವೈದ್ಯ ಸಿಸೇರಿಯನ್ ಜೊತೆಗೇ ಗರ್ಭಕೋಶ ತೆಗೆದು ತಾಯಿಯನ್ನೂ ಮಗುವನ್ನೂ ಉಳಿಸಿದ. ಆಗ ಸಿಸೇರಿಯನ್ ಎಂದರೆ ತಾಯಿಗೆ ಹೆಚ್ಚುಕಡಿಮೆ ಸಾವೇ. ಇಂದಿನ ಕ್ರಮದ ಬೆನ್ನೆಲುಬು ಇದು: ಎರಡೂ ಬದಿಯ ಆಧಾರದ ತಂತುಗಳನ್ನು ಕ್ಲಾಂಪ್ ಹಾಕಿ ಕತ್ತರಿಸಿ ಕಟ್ಟುವುದು, ಮೂತ್ರಚೀಲವನ್ನು ಕೆಳಗೆ ಸರಿಸುವುದು, ಗರ್ಭಕೋಶದ ಅಪಧಮನಿ ಹಿಡಿಯುವುದು. ರಕ್ತ ಮೇಲ್ಭಾಗದಿಂದ ಬರುತ್ತಿದ್ದರೆ ಗರ್ಭಕಂಠ ಉಳಿಸಿ ಮೇಲಿನಷ್ಟನ್ನೇ ತೆಗೆದರೆ ಸಾಕು, ಬೇಗ ಮುಗಿಯುತ್ತದೆ. ಮಾಸು ಕೆಳಗೆ ಅಂಟಿದ್ದರೆ ಕಂಠವನ್ನೂ ತೆಗೆಯಬೇಕು, ಇಲ್ಲವಾದರೆ ಉಳಿದ ಮೋಟಿನಿಂದಲೇ ರಕ್ತ ಹರಿಯುತ್ತಿರುತ್ತದೆ. ಕೆಡುವುದು ಬಹುತೇಕ ಒಂದೇ ಜಾಗದಲ್ಲಿ. ಮೂತ್ರನಾಳವು ಅಪಧಮನಿಯ ಕೆಳಗೆ, ಸೇತುವೆಯಡಿ ನೀರು ಹಾದಂತೆ, ಕಂಠದಿಂದ ಸುಮಾರು ಎರಡು ಸೆಂ.ಮೀ. ದೂರದಲ್ಲಿ ಹಾದುಹೋಗುತ್ತದೆ. ರಕ್ತದ ಮಡುವಿನಲ್ಲಿ ಕಣ್ಣಿಗೆ ಕಾಣದೆ ಹಾಕಿದ ಕ್ಲಾಂಪ್ ಅದನ್ನೂ ಹಿಡಿಯುತ್ತದೆ. ಹಳೆಯ ಸಿಸೇರಿಯನ್ ಕಲೆಗೆ ಅಂಟಿದ ಮೂತ್ರಚೀಲವೂ ಹರಿಯಬಹುದು. ಆಗಲೇ ಕಂಡು ಹೊಲಿದರೆ ಒಂದೆರಡು ವಾರ ಕ್ಯಾಥೆಟರ್ ಇಟ್ಟು ಮಾಯಿಸಬಹುದು. ಅಂಡಾಶಯಗಳನ್ನು ತೆಗೆಯುವುದಿಲ್ಲ.

ಇನ್ನೊಂದು ಬಗೆಯದು ಮೊದಲೇ ಗೊತ್ತಾಗುವಂಥದ್ದು. ಹಿಂದೆ ಸಿಸೇರಿಯನ್ ಆದವರಲ್ಲಿ ಮಾಸು ಕೆಳಗೆ, ಹಳೆ ಹೊಲಿಗೆಯ ಮೇಲೆ ಕೂತರೆ ಅದು ಗರ್ಭಕೋಶದ ಗೋಡೆಯೊಳಗೇ ಬೇರು ಬಿಡಬಹುದು. ಹೀಗೆ ಕೂತವರಲ್ಲಿ ಒಂದು ಸಿಸೇರಿಯನ್ ಆಗಿದ್ದರೆ ನೂರಕ್ಕೆ ಸುಮಾರು 11, ಎರಡಾಗಿದ್ದರೆ 40 ಮಂದಿಗೆ ಹೀಗಾಗುತ್ತದೆ. ಅದನ್ನು ಕೀಳಲು ಹೋದರೆ ನಿಮಿಷಗಳಲ್ಲಿ ಲೀಟರ್‌ಗಟ್ಟಲೆ ರಕ್ತ. ಕೀಳದೆ, ಮಗುವನ್ನು ಮೇಲಿನಿಂದ ತೆಗೆದು, ಮಾಸು ಸಮೇತ ಗರ್ಭಕೋಶ ತೆಗೆಯುವುದೇ ಸಾಮಾನ್ಯವಾಗಿ ಕ್ಷೇಮ. ಅದೂ ನೋವು ಶುರುವಾಗುವ ಮುನ್ನ, 34-35ನೇ ವಾರದ ಆಸುಪಾಸಿನಲ್ಲಿ, ರಕ್ತ ಕಾದಿರಿಸಿ. ಆದ್ದರಿಂದ ಹಿಂದೆ ಆಪರೇಷನ್ ಆದ ಪ್ರತಿ ಬಸುರಿಯ ಸ್ಕ್ಯಾನಿನಲ್ಲಿ ಮಾಸು ಎಲ್ಲಿದೆ ಎಂದು ಬಾಯಿಬಿಟ್ಟು ಕೇಳಲೇಬೇಕು. ಕೆಳಗಿದೆ ಎಂದರೆ ಬಾಣಂತನಕ್ಕೆ ಕಾಡಂಚಿನ ತವರಿಗೆ ಕಳಿಸುವ ಶಾಸ್ತ್ರವನ್ನು ಈ ಒಂದು ಸಲ ಬಿಟ್ಟು, ದೊಡ್ಡ ಆಸ್ಪತ್ರೆಯಿರುವ ಊರಿನಲ್ಲೇ ಎಂಟನೇ ತಿಂಗಳಿಂದ ಒಂದು ಕೋಣೆ ಹಿಡಿಯುವುದು ಲೇಸು. ತವರಿಗೆ ಹೋಗುವ ಉಳಿದವರೂ ತಾಯಿ ಕಾರ್ಡ್, ಸ್ಕ್ಯಾನ್ ವರದಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಯ್ಯಲಿ. ಗಂಡನ ಮನೆಯ ಬೀರುವಿನಲ್ಲಿ ಉಳಿದ ರಕ್ತದ ಗುಂಪಿನ ಚೀಟಿಯಿಂದ ಏನೂ ಉಪಯೋಗವಿಲ್ಲ. ಹಿಮೋಗ್ಲೋಬಿನ್ 11ರ ಕೆಳಗಿದ್ದು ಮಾತ್ರೆಗೆ ಏರದಿದ್ದರೆ ಡ್ರಿಪ್ಪಿನ ಮೂಲಕ ಕೊಡುವ ಕಬ್ಬಿಣಾಂಶದ ಬಗ್ಗೆ ಏಳನೇ ತಿಂಗಳಲ್ಲೇ ಕೇಳಬೇಕು. ಒಂಬತ್ತರಲ್ಲಿ ಕೇಳಿದರೆ ಅದು ರಕ್ತವಾಗಲು ಹೊತ್ತಿರುವುದಿಲ್ಲ.

ಎಚ್ಚರವಾದ ಮೇಲೆ ಆಕೆಗೆ ವಿಷಯ ಹೇಳಬೇಕಾದವರು ವೈದ್ಯರು. ಮನೆಯವರೆಲ್ಲರಿಗೂ ತಿಳಿದು, "ಈಗ ಬೇಡ, ಗಾಬರಿಯಾಗ್ತಾಳೆ" ಎಂದು ಆಕೆಗೊಬ್ಬಳಿಗೇ ಮುಚ್ಚಿಟ್ಟು, ತಿಂಗಳ ಮೇಲೆ ಯಾರದೋ ಬಾಯಿಂದ ತಿಳಿಯುವುದು ಬಹಳ ನೋವಿನ ಸಂಗತಿ. "ರಕ್ತ ನಿಲ್ಲಲಿಲ್ಲಮ್ಮ, ನಿಮ್ಮನ್ನು ಉಳಿಸಿಕೊಳ್ಳೋಕೆ ಗರ್ಭಕೋಶ ತೆಗೀಬೇಕಾಯ್ತು. ಇನ್ನು ಮುಟ್ಟಾಗಲ್ಲ, ಬಸುರಿಯಾಗೋಕೆ ಆಗಲ್ಲ. ಅಂಡಾಶಯ ಇದೆ, ವಯಸ್ಸಿಗೆ ಮುಂಚೆ ಮುಪ್ಪು ಬರಲ್ಲ. ಮಗುಗೆ ಹಾಲು ಕೊಡಬಹುದು." ಇಷ್ಟನ್ನು ಎರಡು ದಿನ ಬಿಟ್ಟು ಇನ್ನೊಮ್ಮೆ ಹೇಳಬೇಕು, ಮೊದಲ ಸಲ ಯಾರಿಗೂ ಪೂರ್ತಿ ಕಿವಿಗೆ ಬೀಳುವುದಿಲ್ಲ. ಗರ್ಭಕಂಠ ಉಳಿಸಿದ್ದಾರೆಯೇ ತೆಗೆದಿದ್ದಾರೆಯೇ ಎಂಬುದು ಡಿಸ್ಚಾರ್ಜ್ ಕಾಗದದಲ್ಲಿ ಬರೆದಿರಬೇಕು. ಉಳಿದಿದ್ದರೆ ಮುಂದೆ ಗರ್ಭಕಂಠದ ಕ್ಯಾನ್ಸರ್ ಪರೀಕ್ಷೆಯನ್ನು ತಪ್ಪಿಸುವಂತಿಲ್ಲ.

ಹಾಲಿನ ವಿಚಾರದಲ್ಲಿ ಒಂದು ಸೂಕ್ಷ್ಮವಿದೆ. ಬಹಳ ರಕ್ತ ಹೋದವರಿಗೆ ಹಾಲು ಒಂದೆರಡು ದಿನ ತಡವಾಗುವುದು ಸಹಜ. ವಾರ ಕಳೆದರೂ ಎದೆ ತುಂಬದಿದ್ದರೆ ಮೆಂತ್ಯ, ಬೆಳ್ಳುಳ್ಳಿ, ಎಳ್ಳು ಕೊಟ್ಟು ಕಾಯುತ್ತಾ ಕೂರಬಾರದು. ರಕ್ತ ಸಾಲದೆ ಮಿದುಳಿನಡಿಯ ಪಿಟ್ಯುಟರಿ ಗ್ರಂಥಿ ಸೊರಗಿರಬಹುದು. ಇದಕ್ಕೆ ಶೀಹಾನ್ ರೋಗ ಎನ್ನುತ್ತಾರೆ. ಕೊಳಕುಮಂಡಲದ ವಿಷ ಏರಿದವರಲ್ಲೂ ಇದೇ ಗ್ರಂಥಿ ಕೆಡುವುದುಂಟು. ಬೇರೆ ಬಾಣಂತಿಯರಲ್ಲಿ ಮುಟ್ಟು ಮರಳದಿರುವುದು ಇದರ ಸುಳಿವು. ಗರ್ಭಕೋಶವೇ ಇಲ್ಲದವಳಲ್ಲಿ ಆ ಸುಳಿವೂ ಇಲ್ಲ. ಹಾಗಾಗಿ ಸುಸ್ತು, ಚಳಿ ತಡೆಯದಿರುವುದು, ಕಂಕುಳ ಕೂದಲು ಉದುರುವುದು, ಬಿಪಿ ಕೆಳಗಿರುವುದು ಎಲ್ಲವೂ "ಬಾಣಂತನ ಸರಿಯಾಗಲಿಲ್ಲ" ಎಂಬ ಒಂದೇ ಮಾತಿನಲ್ಲಿ ವರ್ಷಗಟ್ಟಲೆ ಮುಚ್ಚಿಹೋಗುತ್ತವೆ. ಥೈರಾಯ್ಡ್ ಮತ್ತು ಕಾರ್ಟಿಸೋಲ್ ರಕ್ತಪರೀಕ್ಷೆಯಿಂದ ತಿಳಿಯುತ್ತದೆ, ಮಾತ್ರೆಯಿಂದ ಸರಿಹೋಗುತ್ತದೆ. ಕಾರ್ಟಿಸೋಲಿನ ಮಾತ್ರೆ ಮೊದಲು, ಥೈರಾಯ್ಡಿನದು ಆಮೇಲೆ. ಯಾವ ಊರಿನ ಯಾವ ವೈದ್ಯರ ಬಳಿ ಸುಸ್ತೆಂದು ಹೋದರೂ, ಎಷ್ಟು ವರ್ಷವಾಗಿದ್ದರೂ, ಕುಳಿತ ಕೂಡಲೇ ಹೇಳಬೇಕಾದ ಮಾತು: "ಹೆರಿಗೆಯಲ್ಲಿ ನನಗೆ ತುಂಬಾ ರಕ್ತ ಹೋಗಿತ್ತು."